ರೆಂಡರ್‌ನಲ್ಲಿ ಹೊಳೆಯುವ ಹಾಲ್ ಕಟ್ಟಿದ ಮೇಲೆ ಯಾಕೆ ಮಂಕಾಗುತ್ತದೆ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಸಣ್ಣ ಡಿಸೈನ್ ಆಫೀಸು. ಮನೆ ಪ್ಲಾನ್, ಇಂಟೀರಿಯರ್ ಮಾಡುತ್ತೇವೆ. ಮಾಡೆಲ್ ಎಲ್ಲ ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ. ಹೋದ ಸಲ ಒಂದು ಮನೆಯ ಗೃಹಪ್ರವೇಶದ ದಿನವೇ ಯಜಮಾನರು, "ನೀವು ತೋರಿಸಿದ ಫೋಟೋದಲ್ಲಿ ಹಾಲ್ ಬೆಳ್ಳಗೆ ಹೊಳೀತಿತ್ತು, ಇಲ್ಲಿ ಮಧ್ಯಾಹ್ನವೇ ಲೈಟ್ ಹಾಕಬೇಕು" ಅಂದರು. ಈಗ ಸೀರೆ ಅಂಗಡಿಯೊಂದರ ಕೆಲಸ ಬಂದಿದೆ, ಅವರಿಗೂ ಲೈಟಿಂಗ್ ಮುಖ್ಯ. ಲುಮಿಯಾನ್, ಎನ್‌ಸ್ಕೇಪ್, ವಿ-ರೇ, ಡಿ5, ಬ್ಲೆಂಡರ್ ಇವುಗಳಲ್ಲಿ ಯಾವುದು ತಗೊಂಡರೆ ಬೆಳಕು ನಿಜವಾಗಿ ಬರುತ್ತದೆ? ನಮ್ಮ ಹತ್ತಿರ ಇರುವುದು 6 ಜಿಬಿ ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪ್.

ಉತ್ತರ: ನೀವು ಹೆಸರಿಸಿದ ಐದರಲ್ಲಿ ಯಾವುದನ್ನು ಬಳಸಿದ್ದರೂ ಆ ಯಜಮಾನರ ಹಾಲ್ ಫೋಟೋದಲ್ಲಿ ಹಾಗೇ ಹೊಳೆಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ದುಡ್ಡು ಹಾಕಿ, ಆಮೇಲೆ ಅದೇ ಮಾತು ಕೇಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸ ಸೇರಿಕೊಂಡಿವೆ. ನೋಡಿದವರು ಒಪ್ಪುವಂಥ ಚಿತ್ರ ಮಾಡುವುದು ಒಂದು. ಆ ಕೋಣೆಗೆ ಎಷ್ಟು ಬೆಳಕು ಬರುತ್ತದೆ ಅಂತ ಮೊದಲೇ ತಿಳಿಯುವುದು ಇನ್ನೊಂದು. ಮೊದಲನೆಯದಕ್ಕೆ ರೆಂಡರಿಂಗ್ ಸಾಫ್ಟ್‌ವೇರ್ ಬೇಕು, ಅಂದರೆ ಮಾಡೆಲ್‌ನಿಂದ ಫೋಟೋದಂಥ ಚಿತ್ರ (ರೆಂಡರ್) ತೆಗೆಯುವಂಥದ್ದು. ಎರಡನೆಯದಕ್ಕೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇಕು, ಅದರಲ್ಲಿ ಒಳ್ಳೆಯವು ಪುಕ್ಕಟೆಯಾಗಿಯೇ ಸಿಗುತ್ತವೆ. ನೀವು ಮೊದಲನೆಯದನ್ನು ಮಾಡಿ ಕೊಟ್ಟಿರಿ, ಗ್ರಾಹಕರು ಅದನ್ನು ಎರಡನೆಯದು ಅಂತ ನಂಬಿದರು. ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಆ ಹಾಲ್ ಯಾಕೆ ಹೊಳೆಯಿತು ಅಂತ ನೋಡೋಣ.

ನಿಮ್ಮ ಮಾಡೆಲ್‌ನಲ್ಲಿ ಪಕ್ಕದ ಮನೆ ಇತ್ತಾ? ಬಹುಶಃ ಇರಲಿಲ್ಲ. 30×40 ಸೈಟಿನಲ್ಲಿ ಮೂರು ಅಡಿ ಜಾಗ ಬಿಟ್ಟು ಕಟ್ಟಿದ ಮನೆಗೆ ಕಿಟಕಿಯಿಂದ ಕಾಣುವುದು ಆಕಾಶವಲ್ಲ, ಪಕ್ಕದವರ ಗೋಡೆ. ಆದರೆ ರೆಂಡರ್‌ನಲ್ಲಿ ನಮ್ಮ ಮನೆ ಮಾತ್ರ ಹಸಿರು ಹುಲ್ಲಿನ ಬಯಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ನಾಲ್ಕೂ ಕಡೆಯಿಂದ ಆಕಾಶದ ಬೆಳಕು ನುಗ್ಗುತ್ತದೆ. ಅಕ್ಕಪಕ್ಕದ ಕಟ್ಟಡಗಳನ್ನು ಬರೀ ಬೂದು ಬಣ್ಣದ ಡಬ್ಬಿಗಳಾಗಿ ಇಟ್ಟು ನೋಡಿ. ಹತ್ತು ನಿಮಿಷದ ಕೆಲಸ. ಎಂಸಿಸಿ ಬಿ ಬ್ಲಾಕ್‌ನಲ್ಲೋ ಆಂಜನೇಯ ಬಡಾವಣೆಯಲ್ಲೋ ಒತ್ತೊತ್ತಾಗಿ ಮನೆಗಳಿರುವ ಬೀದಿಯಾದರೆ ನೆಲಮಹಡಿಯ ಬೆಳಕು ಕಣ್ಣೆದುರೇ ಇಳಿದುಹೋಗುತ್ತದೆ. ಪಕ್ಕದ ಸೈಟು ಈಗ ಖಾಲಿ ಇದ್ದರೂ ಎರಡು ಮಹಡಿ ಎತ್ತರದ ಡಬ್ಬಿ ಇಡಿ. ಇವತ್ತಲ್ಲ ನಾಳೆ ಅಲ್ಲಿ ಯಾರೋ ಕಟ್ಟೇ ಕಟ್ಟುತ್ತಾರೆ.

ಕಿಟಕಿಯದೂ ಇದೇ ಕಥೆ. ಮಾಡೆಲ್‌ನಲ್ಲಿ ಒಂದು ತೆಳು ಗಾಜು ಇರುತ್ತದೆ, ಅಷ್ಟೇ. ನಿಜವಾದ ಕಿಟಕಿಗೆ ಗ್ರಿಲ್ ಬರುತ್ತದೆ, ಸೊಳ್ಳೆ ಜಾಲರಿ ಬರುತ್ತದೆ, ಯುಪಿವಿಸಿ ಚೌಕಟ್ಟಿನ ದಪ್ಪ ಬರುತ್ತದೆ, ಆಮೇಲೆ ಪರದೆ. ಜಾಲರಿಯೊಂದೇ ಎದ್ದು ಕಾಣುವಷ್ಟು ಬೆಳಕು ತಿನ್ನುತ್ತದೆ. ನಮ್ಮೂರಲ್ಲಿ ಜಾಲರಿ ಇಲ್ಲದ ಕಿಟಕಿ ಯಾರೂ ಇಡುವುದಿಲ್ಲವಲ್ಲ, ಹಾಗಾದರೆ ರೆಂಡರ್‌ನಲ್ಲಿ ಯಾಕೆ ಬಿಡಬೇಕು? ಜಾಲರಿಯ ಒಂದೊಂದು ಕಣ್ಣನ್ನೂ ಮಾಡೆಲ್ ಮಾಡಬೇಡಿ, ಕಂಪ್ಯೂಟರ್ ಒದ್ದಾಡುತ್ತದೆ. ಸ್ವಲ್ಪ ಪಾರದರ್ಶಕತೆ ಕಡಿಮೆ ಇರುವ ಬೂದು ಹಾಳೆ ಇಟ್ಟರೆ ಸಾಕು.

ಇನ್ನು ಬಿಳಿ ಗೋಡೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ತಪ್ಪು ಬೆಳಕಿಗೆ ದೊಡ್ಡ ಕಾರಣ ಇದೇ. ಪೇಂಟಿಗೆ ಬಣ್ಣ ಆರಿಸುವಾಗ ನಾವು ಆರ್‌ಜಿಬಿ 255, 255, 255 ಹಾಕಿಬಿಡುತ್ತೇವೆ. ಅಂದರೆ ಬಿದ್ದ ಬೆಳಕನ್ನೆಲ್ಲ, ನೂರಕ್ಕೆ ನೂರು, ವಾಪಸ್ ಕಳಿಸುವ ಗೋಡೆ. ಅಂಥ ಗೋಡೆ ಲೋಕದಲ್ಲಿ ಇಲ್ಲ. ಒಳ್ಳೆಯ ಬಿಳಿ ಪೇಂಟ್ ಹೊಸದಾಗಿದ್ದಾಗ ಸುಮಾರು 80 ಭಾಗ ಕಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಎಲ್ಲ ಮೇಲ್ಮೈ ಒಂದೇ ತರ ಇದೆ ಅಂದುಕೊಂಡರೆ, 80 ಭಾಗ ಕಳಿಸುವ ಕೋಣೆಯಲ್ಲಿ ಈ ಪುಟಿತಗಳೆಲ್ಲ ಸೇರಿ ಬೆಳಕು ಐದು ಪಟ್ಟು ಆಗುತ್ತದೆ. 90 ಭಾಗ ಆದರೆ ಹತ್ತು ಪಟ್ಟು. 95 ಆದರೆ ಇಪ್ಪತ್ತು ಪಟ್ಟು. 50 ಆದರೆ ಎರಡೇ ಪಟ್ಟು. ಬಣ್ಣದ ಅಂಕಿಯಲ್ಲಿ ಚೂರು ಹೆಚ್ಚು ಕಮ್ಮಿ ಆದರೆ ಕೋಣೆಯ ಬೆಳಕೇ ಎಷ್ಟು ಬದಲಾಗುತ್ತದೆ ನೋಡಿ.

ಆರ್‌ಜಿಬಿ ಅಂಕಿಯೂ ಸ್ವಲ್ಪ ಮೋಸ ಮಾಡುತ್ತದೆ. 128 ಅಂದರೆ 255ರ ಅರ್ಧ, ಹಾಗಾಗಿ ಅರ್ಧ ಬೆಳಕು ಕಳಿಸುತ್ತದೆ ಅಂತ ಅನಿಸುತ್ತದೆ. ನಿಜದಲ್ಲಿ ಅದು ನೂರಕ್ಕೆ 22 ಭಾಗ ಮಾತ್ರ, ಯಾಕಂದರೆ ಪರದೆಯ ಬಣ್ಣದ ಅಂಕಿಗಳು ಕಣ್ಣಿಗೆ ತಕ್ಕಂತೆ ಬಾಗಿಸಿದ ಅಂಕಿಗಳು. ಬಿಳಿ ಗೋಡೆಗೆ 230ರ ಆಸುಪಾಸು ಹಾಕಿ, ಅದು ಸುಮಾರು 79 ಭಾಗ ಆಗುತ್ತದೆ. ನೆಲಕ್ಕೆ ಕಪ್ಪು ಗ್ರಾನೈಟೋ ರೆಡ್ ಆಕ್ಸೈಡೋ ಹಾಕುವುದಾದರೆ ಅದರ ಗಾಢ ಬಣ್ಣವನ್ನೇ ಹಾಕಿ, ಚಿತ್ರ ಚೆನ್ನಾಗಿ ಕಾಣಲಿ ಅಂತ ತಿಳಿ ಮಾಡಬೇಡಿ. ನೆಲದಿಂದ ಮೇಲೆ ಪುಟಿಯುವ ಬೆಳಕೇ ಸೀಲಿಂಗನ್ನು ಬೆಳಗುವುದು.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಎಷ್ಟು ಬೆಳಕು ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು, ಇನ್ನೊಂದು ಮಾಯೆ. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಹತ್ತಿರ ಬೆಳಕಿರುತ್ತದೆ. ಒಳಗೆ ಹಾಲ್‌ನಲ್ಲಿ ನೂರು, ಇನ್ನೂರು ಲಕ್ಸ್. ಸಾವಿರ ಪಟ್ಟಿನ ಅಂತರ. ಆಟೋ ಎಕ್ಸ್‌ಪೋಷರ್ ಆನ್ ಇದ್ದರೆ ಸಾಫ್ಟ್‌ವೇರ್ ಗುಹೆಯನ್ನೂ ಮದುವೆ ಮಂಟಪದ ಹಾಗೆ ಬೆಳಗಿಸಿಕೊಡುತ್ತದೆ. ನಾನು ಹೇಳುವ ಪದ್ಧತಿ ಸರಳ. ಆಟೋ ಆಫ್ ಮಾಡಿ. ಮನೆಯ ಒಳಗಿನ ಎಲ್ಲ ಹಗಲು ಚಿತ್ರಗಳಿಗೂ ಒಂದೇ ಇವಿ (ಎಕ್ಸ್‌ಪೋಷರಿನ ಅಂಕಿ) ಇಡಿ, ಬಿಸಿಲಿನ ಹೊರಚಿತ್ರಕ್ಕೆ 14 ಅಥವಾ 15, ಒಳಗಿನದಕ್ಕೆ 8ರ ಸುತ್ತ. ಆಗ ಕಿಟಕಿ ಪಕ್ಕದ ಊಟದ ಜಾಗ ಬೆಳ್ಳಗೆ, ಮಧ್ಯದ ಹಾಲ್ ಮಂಕಾಗಿ ಕಾಣುತ್ತದೆ. ಯಜಮಾನರು "ಇಲ್ಲಿ ಕತ್ತಲೆ ಅಲ್ವಾ?" ಅಂತ ಕೇಳುತ್ತಾರೆ. ಕೇಳಲಿ. ಪಾಯ ಹಾಕುವ ಮುಂಚೆ ಕೇಳಿದರೆ ಒಂದು ಸ್ಕೈಲೈಟ್ ಸೇರಿಸಬಹುದು. ಕ್ಯಾಮೆರಾ ಹಿಂದೆ ಕಾಣದ ಹಾಗೆ ಇಡುವ ಫಿಲ್ ಲೈಟ್ ಬಗ್ಗೆಯೂ ಇದೇ ಮಾತು. ಜಾಹೀರಾತಿನ ಚಿತ್ರಕ್ಕೆ ಇಟ್ಟುಕೊಳ್ಳಿ, ಮನೆ ಕಟ್ಟಿಸುವವರಿಗೆ ತೋರಿಸುವ ಚಿತ್ರದಲ್ಲಿ ಬೇಡ.

ಈಗ ಸೂರ್ಯ. ಸ್ಕೆಚ್‌ಅಪ್ ಹುಟ್ಟಿದ್ದು ಅಮೆರಿಕದ ಕೊಲೊರಾಡೊದ ಬೋಲ್ಡರ್ ಊರಲ್ಲಿ. ನೀವು ಜಾಗ ಹೇಳದಿದ್ದರೆ ನೆರಳಿನ ಲೆಕ್ಕಕ್ಕೆ ಅದು ಇವತ್ತಿಗೂ ಅಲ್ಲಿನ ಸೂರ್ಯನನ್ನೇ ತಂದಿಡುತ್ತದೆ. ಬೋಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ದಾವಣಗೆರೆ 14.46ರಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಅಲ್ಲಿ ಹತ್ತು ಅಡಿ ಗೋಡೆಯ ನೆರಳು ಇಪ್ಪತ್ತು ಅಡಿ ಉದ್ದ. ನಮ್ಮಲ್ಲಿ ಎಂಟು ಅಡಿಯೂ ಬರುವುದಿಲ್ಲ. ಹಾಗಾಗಿ ಜಿಯೋಲೊಕೇಶನ್ (ಸೈಟಿನ ಜಾಗ) ಹಾಕದ ಫೈಲ್ ಯಾವ ರೆಂಡರರ್‌ಗೆ ಹೋದರೂ ಪರದೇಶದ ಬಿಸಿಲೇ ಬೀಳುತ್ತದೆ.

ಟೈಮ್ ಝೋನ್ ಕೂಡ ನೋಡಿಕೊಳ್ಳಿ, 5:30 ಸರಿಯಾಗಿ ಇರಬೇಕು. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು. ದಾವಣಗೆರೆ ಇರುವುದು 76ರ ಸ್ವಲ್ಪ ಪಶ್ಚಿಮಕ್ಕೆ. ಆ ಅಂತರದಿಂದಲೇ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:26ಕ್ಕೆ. ವರ್ಷದ ಬೇರೆ ಬೇರೆ ಕಾಲದಲ್ಲಿ ಅದು 12:10ರಿಂದ 12:40ರವರೆಗೆ ಓಡಾಡುತ್ತದೆ.

ಇನ್ನೊಂದು ವಿಷಯ ನಮ್ಮ ಭಾಗದ ಎಷ್ಟೋ ಡಿಸೈನರ್‌ಗಳೇ ಮರೆಯುತ್ತಾರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ ಒಂಬತ್ತು ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ, ಮುಳುಗುವಾಗ ಪಶ್ಚಿಮದಿಂದ 24 ಡಿಗ್ರಿ ಉತ್ತರಕ್ಕೆ. ಹಾಗಾಗಿ "ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ" ಅನ್ನುವ ಮಾತು ಇಲ್ಲಿ ಅರ್ಧ ವರ್ಷಕ್ಕೆ ಮಾತ್ರ ಸರಿ. ಪಶ್ಚಿಮದ ಕಿಟಕಿಯದು ಇನ್ನೂ ಕಷ್ಟ. ಏಪ್ರಿಲ್ ನಡುವಿನಲ್ಲಿ ಸಂಜೆ 5ಕ್ಕೆ ಸೂರ್ಯ 23 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಎರಡು ಅಡಿಯ ಸಜ್ಜಾ ಆಗ ಕಿಟಕಿಯ ಮೇಲಿನ ಒಂದು ಅಡಿಯನ್ನೂ ಮುಚ್ಚುವುದಿಲ್ಲ. ಇಂಥದ್ದನ್ನು ತೋರಿಸುವುದರಲ್ಲಿ ರೆಂಡರರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜಾಗ, ದಿಕ್ಕು, ಸಮಯ ಸರಿ ಇದ್ದರೆ ನೇರ ಬಿಸಿಲಿನ ನೆರಳನ್ನು ಉಚಿತ ಸಾಫ್ಟ್‌ವೇರ್ ಕೂಡ ತಪ್ಪಿಲ್ಲದೆ ಹಾಕುತ್ತದೆ.

ಬಿಸಿಲಿನ ಅಧ್ಯಯನಕ್ಕೆ ಎಚ್‌ಡಿಆರ್‌ಐ ಆಕಾಶ, ಅಂದರೆ ಎಲ್ಲೋ ತೆಗೆದ ನಿಜವಾದ ಆಕಾಶದ ಫೋಟೋ, ಬಳಸಬೇಡಿ. ಪಾಲಿ ಹೇವನ್‌ನಂಥ ವೆಬ್‌ಸೈಟುಗಳಲ್ಲಿ ಪುಕ್ಕಟೆ ಸಿಗುವ ಆಕಾಶಗಳು ಚೆಂದ ಇವೆ, ಆದರೆ ಅವುಗಳಲ್ಲಿ ಬಹಳಷ್ಟು ದಕ್ಷಿಣ ಆಫ್ರಿಕಾದಲ್ಲೋ ಯುರೋಪಿನಲ್ಲೋ ತೆಗೆದವು. ಆ ಸೂರ್ಯನಿಗೂ ನಿಮ್ಮ ಸೈಟಿಗೂ ಸಂಬಂಧ ಇಲ್ಲ. ಜಾಗ, ಸಮಯದ ಮೇಲೆ ಸೂರ್ಯನನ್ನು ಲೆಕ್ಕ ಹಾಕಿ ಇಡುವ ಫಿಸಿಕಲ್ ಸನ್ ಅಂಡ್ ಸ್ಕೈ ಆರಿಸಿ. ಅದರಲ್ಲಿ ಟರ್ಬಿಡಿಟಿ ಅಂತ ಒಂದು ಅಂಕಿ ಇರುತ್ತದೆ, ಗಾಳಿಯ ಧೂಳಿನ ಅಳತೆ. ಮಳೆ ನಿಂತ ಮೇಲಿನ ತಿಳಿ ಆಕಾಶಕ್ಕೆ 2 ಅಥವಾ 3, ನಮ್ಮ ಬೇಸಿಗೆಯ ಮಂಕು ಬಿಳಿ ಆಕಾಶಕ್ಕೆ 5, 6. ಸಾಫ್ಟ್‌ವೇರ್ ತಾನಾಗಿ ಕೊಡುವ ಕಡುನೀಲಿ ಆಕಾಶ ಏಪ್ರಿಲ್‌ನಲ್ಲಿ ನಮ್ಮ ಕಡೆ ಎಲ್ಲಿದೆ ಹೇಳಿ?

ಸರಿ, ಈಗ ಸಾಫ್ಟ್‌ವೇರ್‌ಗೆ ಬರೋಣ. ಇವುಗಳಲ್ಲಿ ಎರಡು ಜಾತಿ. ವಿ-ರೇ, ಕೊರೊನಾ, ಬ್ಲೆಂಡರ್‌ನ ಸೈಕಲ್ಸ್ ಒಂದು ಜಾತಿ. ಇವು ಬೆಳಕಿನ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿ, ಎಲ್ಲೆಲ್ಲಿ ಪುಟಿಯಿತು ಅಂತ ಲೆಕ್ಕ ಹಾಕುತ್ತವೆ. 1986ರಲ್ಲಿ ಜಿಮ್ ಕಜಿಯಾ ಬರೆದ ರೆಂಡರಿಂಗ್ ಸಮೀಕರಣವೇ ಇದರ ಬುಡ. ಕಿರಣಗಳು ಸಾಲದಿದ್ದರೆ ಚಿತ್ರದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು ಉಳಿಯುತ್ತವೆ. ಬಿಟ್ಟಷ್ಟು ಹೊತ್ತು ಚಿತ್ರ ತಿಳಿಯಾಗುತ್ತಾ ಹೋಗುತ್ತದೆ. ಎನ್‌ಸ್ಕೇಪ್, ಲುಮಿಯಾನ್, ಟ್ವಿನ್‌ಮೋಷನ್, ಡಿ5 ಇನ್ನೊಂದು ಜಾತಿ. ಇವು ವಿಡಿಯೋ ಗೇಮಿನ ರೀತಿ ಕಣ್ಣೆದುರೇ ಓಡಬೇಕು. ಹಾಗಾಗಿ ಪುಟಿಯುವ ಬೆಳಕನ್ನು ಅಂದಾಜಿನ ಮೇಲೆ, ಅಡ್ಡದಾರಿ ಹಿಡಿದು ತುಂಬುತ್ತವೆ. ರೇ ಟ್ರೇಸಿಂಗ್ ಕಾರ್ಡುಗಳು ಬಂದ ಮೇಲೆ ಅಂತರ ತುಂಬಾ ಕಡಿಮೆಯಾಗಿದೆ, ಟ್ವಿನ್‌ಮೋಷನ್‌ನಲ್ಲಿ ಈಗ ಮೊದಲ ಜಾತಿಯ ಹಾಗೆ ಕಿರಣ ಹಿಂಬಾಲಿಸುವ ಪಾತ್ ಟ್ರೇಸರ್ ಕೂಡ ಇದೆ. ಆದರೂ ಕಿಟಕಿಯಿಂದ ದೂರದ ಮೂಲೆಯಲ್ಲಿ ಎರಡು ಜಾತಿಯ ಉತ್ತರ ಬೇರೆ ಬೇರೆ ಬರುವುದುಂಟು. ನಿಮ್ಮ ಯಜಮಾನರ ತಕರಾರು ಇದ್ದದ್ದು ಆ ಮೂಲೆಯ ಬಗ್ಗೆಯೇ ಅಲ್ವಾ?

ಯಾವುದೇ ಆಗಲಿ, ಗೋಡೆಗೆ ದಪ್ಪ ಕೊಟ್ಟು ಮಾಡೆಲ್ ಮಾಡಿ. ಸ್ಕೆಚ್‌ಅಪ್‌ನಲ್ಲಿ ಹಾಳೆಯಷ್ಟು ತೆಳುವಾದ ಗೋಡೆ ಎಳೆದರೆ, ಸೀಲಿಂಗ್ ಸೇರುವಲ್ಲಿ ಬೆಳಕು ಸೋರುತ್ತದೆ. ಅದೂ ಸುಳ್ಳು ಬೆಳಕೇ.

ಒಂದೊಂದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಲುಮಿಯಾನ್ ನೆದರ್‌ಲ್ಯಾಂಡ್ಸ್‌ನದು, 2010ರ ಸುಮಾರಿಗೆ ಬಂತು. ಮರಗಿಡ, ಜನ, ಕಾರು, ದೊಡ್ಡ ಲೇಔಟಿನ ವಾಕ್‌ಥ್ರೂ ಇವುಗಳಲ್ಲಿ ಗಟ್ಟಿ. ಬಿಲ್ಡರ್‌ಗಳ ಕೆಲಸ ಜಾಸ್ತಿ ಇದ್ದರೆ ಯೋಚಿಸಿ. ಮನೆಯ ಒಳಗಿನ ಬೆಳಕಿಗಾಗಿ ಅದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ, ನಿಮ್ಮ ಲ್ಯಾಪ್‌ಟಾಪ್ ಅದಕ್ಕೆ ಸಾಲುವುದೂ ಇಲ್ಲ. ಕೊರೊನಾ ಒಳಾಂಗಣಕ್ಕೆ ಬಲು ಚೆಂದ, ಆದರೆ ಅದು 3ಡಿಎಸ್ ಮ್ಯಾಕ್ಸ್ ಮತ್ತು ಸಿನಿಮಾ 4ಡಿ ಒಳಗೆ ಓಡುವಂಥದ್ದು. ಸ್ಕೆಚ್‌ಅಪ್ ಬಿಟ್ಟು ಬರಬೇಕಾಗುತ್ತದೆ. ಬಿಡಿ.

ಎನ್‌ಸ್ಕೇಪ್ ಸ್ಕೆಚ್‌ಅಪ್ ಒಳಗೇ ಕೂರುತ್ತದೆ. ಗೋಡೆ ಸರಿಸಿದರೆ ಪಕ್ಕದ ಕಿಟಕಿಯಲ್ಲಿ ತಕ್ಷಣ ಕಾಣುತ್ತದೆ. ಗ್ರಾಹಕರನ್ನು ಪಕ್ಕ ಕೂರಿಸಿಕೊಂಡು ತೀರ್ಮಾನ ಮಾಡಲು ಇದಕ್ಕಿಂತ ಸುಲಭದ್ದು ಇಲ್ಲ. ಅದರಲ್ಲಿ ಲೈಟ್ ವ್ಯೂ ಅಂತ ಒಂದು ಮೋಡ್ ಇದೆ, ಬೆಳಕಿನ ಹಂಚಿಕೆಯನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಎರಡು ಕಿಟಕಿ ಆಯ್ಕೆಗಳಲ್ಲಿ ಯಾವುದು ವಾಸಿ ಅಂತ ಹೋಲಿಸಲು ಸಾಕು. ಡಿ5ಗೆ ಉಚಿತ ಆವೃತ್ತಿ ಇದೆ, ಸ್ಕೆಚ್‌ಅಪ್ ಜೊತೆ ಲೈವ್ ಸಿಂಕ್ ಆಗುತ್ತದೆ. ಟ್ವಿನ್‌ಮೋಷನ್ ಎಪಿಕ್ ಗೇಮ್ಸ್ ಕಂಪನಿಯದು, ವರ್ಷದ ಆದಾಯ ಹತ್ತು ಲಕ್ಷ ಡಾಲರ್ ಒಳಗೆ ಇರುವವರಿಗೆ ಉಚಿತ. ನೀವೂ ನಾನೂ ಆ ಗೆರೆಯ ಒಳಗೇ ಇದ್ದೇವೆ, ಚಿಂತೆ ಬೇಡ.

ಬ್ಲೆಂಡರ್ ಪೂರ್ತಿ ಉಚಿತ, ಅದರ ಸೈಕಲ್ಸ್ 2011ರಿಂದ ಇದೆ, ಗುಣಮಟ್ಟದಲ್ಲಿ ಯಾರಿಗೂ ಕಡಿಮೆ ಇಲ್ಲ. ಕಲಿಯಲು ಮಾತ್ರ ತಾಳ್ಮೆ ಬೇಕು. ಒಂದು ಎಚ್ಚರಿಕೆ: ಸೈಕಲ್ಸ್‌ನಲ್ಲಿ ಡಿಫ್ಯೂಸ್ ಬೌನ್ಸ್ (ಬೆಳಕು ಎಷ್ಟು ಸಲ ಪುಟಿಯಬಹುದು ಅನ್ನುವುದು) ತಾನಾಗಿ 4 ಇರುತ್ತದೆ, ಇಂಡೈರೆಕ್ಟ್ ಕ್ಲಾಂಪ್ (ಪುಟಿದ ಬೆಳಕಿನ ಪ್ರಖರತೆಗೆ ಹಾಕುವ ಮಿತಿ) 10 ಇರುತ್ತದೆ. ಎರಡೂ ಬೇಗ ಮುಗಿಯಲಿ ಅಂತ ಬೆಳಕನ್ನು ಕತ್ತರಿಸುತ್ತವೆ. ಬೆಳಕು ತಿಳಿಯಬೇಕಾದ ಚಿತ್ರದಲ್ಲಿ ಬೌನ್ಸ್ 8ಕ್ಕೋ 12ಕ್ಕೋ ಏರಿಸಿ, ಕ್ಲಾಂಪ್ ಸೊನ್ನೆ ಮಾಡಿ, ಅಂದರೆ ಮಿತಿ ತೆಗೆದುಬಿಡಿ. ಚುಕ್ಕೆ ಜಾಸ್ತಿಯಾಗುತ್ತದೆ, ಹೊತ್ತೂ ಹಿಡಿಯುತ್ತದೆ.

ವಿ-ರೇ ಬಲ್ಗೇರಿಯಾದಲ್ಲಿ ಹುಟ್ಟಿದ ಕೇಯಾಸ್ ಕಂಪನಿಯದು. ಕೊರೊನಾ, ಎನ್‌ಸ್ಕೇಪ್ ಎರಡೂ ಈಗ ಅದೇ ಮನೆಯ ಮಕ್ಕಳು. ಸ್ಕೆಚ್‌ಅಪ್ ಒಳಗೆ ಓಡುತ್ತದೆ, ಲೈಟ್ ಕಂಪನಿಗಳ ಐಇಎಸ್ ಫೈಲ್ (ದೀಪದ ಬೆಳಕು ಹೇಗೆ ಹರಡುತ್ತದೆ ಅನ್ನುವ ಮಾಹಿತಿ) ಓದುತ್ತದೆ, ಲೈಟಿಂಗ್ ಅನಾಲಿಸಿಸ್ ಅನ್ನುವ ಎಲಿಮೆಂಟ್ ಸೇರಿಸಿದರೆ ಚಿತ್ರದ ಮೇಲೆಯೇ ಲಕ್ಸ್ ಅಂಕಿ ಕೊಡುತ್ತದೆ. ದುಡ್ಡು ಕೊಟ್ಟು ಒಂದನ್ನೇ ಕೊಳ್ಳಬೇಕು ಅಂದರೆ ನಿಮ್ಮ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ. ಆದರೆ ಈಗಲೇ ಕೊಳ್ಳಬೇಡಿ. ಮೊದಲು ಡಿ5 ಉಚಿತ ಆವೃತ್ತಿಯಲ್ಲಿ ದಿನದ ಕೆಲಸ ನಡೆಸಿ, ಲೈಸೆನ್ಸ್ ಷರತ್ತು ಒಮ್ಮೆ ಓದಿಕೊಳ್ಳಿ. ಆಫೀಸಿನ ಒಬ್ಬರು ಬಿಡುವಿನಲ್ಲಿ ಬ್ಲೆಂಡರ್ ಕಲಿಯಲಿ. ಮೇಲೆ ಹೇಳಿದ ಗೋಡೆ, ಪಕ್ಕದ ಮನೆ, ಇವಿ, ಜಾಗ ಇವೆಲ್ಲ ಕೈಗೆ ಹತ್ತಲಿ. ಅವು ಎಲ್ಲ ಸಾಫ್ಟ್‌ವೇರ್‌ಗೂ ಒಂದೇ. ಆಮೇಲೆ ವಿ-ರೇಗೆ ವರ್ಷದ ಚಂದಾ ಕಟ್ಟುವುದು ಬೇಕಾ ಅಂತ ನಿಮಗೇ ಗೊತ್ತಾಗುತ್ತದೆ. ಕ್ರ್ಯಾಕ್ ಮಾಡಿದ ಕಾಪಿ ಬೇಡ. ಅದರ ಜೊತೆ ಬರುವ ವೈರಸ್ ಗ್ರಾಹಕರ ಫೈಲುಗಳನ್ನೆಲ್ಲ ಲಾಕ್ ಮಾಡಿದರೆ ಉಳಿಸಿದ ಚಂದಾ ಯಾವ ಮೂಲೆಗೂ ಸಾಲುವುದಿಲ್ಲ.

6 ಜಿಬಿ ಕಾರ್ಡ್ ಬಗ್ಗೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ರೆಂಡರ್ ಮಾಡುವಾಗ ಇಡೀ ಮಾಡೆಲ್, ಟೆಕ್ಸ್‌ಚರ್ ಎಲ್ಲ ಅದರ ಮೆಮೊರಿಯಲ್ಲಿ ಕೂರಬೇಕು. ಒಂದು ಬೆಡ್‌ರೂಮ್ ಕೂರುತ್ತದೆ. ನಾಲ್ಕು ಬಗೆಯ ಮರ ಇಟ್ಟ ಎಲಿವೇಶನ್ ಕೂರುವುದು ಕಷ್ಟ. ಮುಂದೆ ಕೊಳ್ಳುವಾಗ 12 ಜಿಬಿ ಅಥವಾ ಹೆಚ್ಚಿನ ಕಾರ್ಡ್ ಇರುವ ಡೆಸ್ಕ್‌ಟಾಪ್ ನೋಡಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಅದೇ ದುಡ್ಡಿನ ಡೆಸ್ಕ್‌ಟಾಪ್ ಗಂಟೆಗಟ್ಟಲೆ ಒಂದೇ ಸಮ ಓಡುತ್ತದೆ. ಯುಪಿಎಸ್ ಬೇಕೇ ಬೇಕು. ರಾತ್ರಿ ರೆಂಡರ್‌ಗೆ ಬಿಟ್ಟು ಮಲಗಿದಾಗಲೇ ಬೆಸ್ಕಾಂನವರಿಗೆ ಲೈನ್ ರಿಪೇರಿ ನೆನಪಾಗುವುದು. ಚಿತ್ರದ ಚುಕ್ಕೆ ಒರೆಸುವ ಡಿನಾಯ್ಸರ್ ಬಳಸಿ ಹೊತ್ತು ಉಳಿಸಬಹುದು, ಆದರೆ ಹದ ಇರಲಿ. ಚಿತ್ರದುರ್ಗದ ಗ್ರಾನೈಟ್ ಗೋಡೆಯ ಕಣಕಣವಾದ ಮೈ, ಜಾಲಿಯ ಸಣ್ಣ ತೂತು ಇವನ್ನೆಲ್ಲ ಅದು ಚುಕ್ಕೆ ಅಂದುಕೊಂಡು ಒರೆಸಿ ಪ್ಲಾಸ್ಟಿಕ್ ಮಾಡಿಬಿಡುತ್ತದೆ.

ಈಗ ಲೆಕ್ಕದ ಕಡೆ. ಹಗಲು ಬೆಳಕಿಗೆ ನಮ್ಮಲ್ಲೇ ಹಳೆಯ ಮಾನದಂಡ ಇದೆ, ಐಎಸ್ 2440. ಹೊರಗೆ ಬಯಲಲ್ಲಿ 8,000 ಲಕ್ಸ್ ಇದೆ ಅಂತ ಹಿಡಿದು, ಅದರಲ್ಲಿ ಒಳಗೆ ಎಷ್ಟು ಪಾಲು ಬರಬೇಕು ಅಂತ ಹೇಳುತ್ತದೆ. ಆ ಪಾಲಿಗೆ ಡೇಲೈಟ್ ಫ್ಯಾಕ್ಟರ್ ಅನ್ನುತ್ತಾರೆ. ಅಡುಗೆಮನೆಗೆ ಶೇ 2.5, ಅಂದರೆ 200 ಲಕ್ಸ್. ಓದುವ ಕೋಣೆಗೆ 1.9, ಹೆಚ್ಚುಕಡಿಮೆ 150. ಹಾಲ್‌ಗೆ 0.625, ಅಂದರೆ 50 ಲಕ್ಸ್. ಹಾಲ್‌ನ ಅಂಕಿ ನೋಡಿ, ಎಷ್ಟು ಕಡಿಮೆ! ನಿಯಮದ ಪ್ರಕಾರ ಪಾಸಾದ ಹಾಲ್ ಕೂಡ ರೆಂಡರ್ ನೋಡಿದ ಕಣ್ಣಿಗೆ ಕತ್ತಲೆಯಾಗಿಯೇ ಕಾಣುತ್ತದೆ. ಹಾಗಾಗಿ ನಾನಾದರೆ ಇದನ್ನು ಕನಿಷ್ಠ ಅಂತ ಇಟ್ಟುಕೊಂಡು ಮೂರು ಪಟ್ಟಿಗೆ ಗುರಿ ಇಡುತ್ತೇನೆ.

ಇದನ್ನು ಲೆಕ್ಕ ಹಾಕಲು ಡೈಲಕ್ಸ್ ಇವೋ ಸಾಕು. ಜರ್ಮನಿಯದು, ಮೂಲ ಆವೃತ್ತಿ ಉಚಿತ, ವಿಂಡೋಸ್‌ನಲ್ಲಿ ಓಡುತ್ತದೆ. ಚಿತ್ರ ಅಷ್ಟು ಚೆಂದ ಬರುವುದಿಲ್ಲ, ಅದನ್ನು ಗ್ರಾಹಕರಿಗೆ ತೋರಿಸುವ ಅಗತ್ಯವೂ ಇಲ್ಲ. ಇದಕ್ಕಿಂತ ಆಳಕ್ಕೆ ಇಳಿಯಬೇಕಾದರೆ ರೇಡಿಯನ್ಸ್ ಇದೆ. ಗ್ರೆಗ್ ವಾರ್ಡ್ ಅವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1985ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಹಗಲು ಬೆಳಕಿನ ಲೆಕ್ಕಕ್ಕೆ ಎಲ್ಲರೂ ಹೋಲಿಸಿ ನೋಡುವುದು ಅದನ್ನೇ. ರೈನೋ ಅನ್ನುವ 3ಡಿ ಸಾಫ್ಟ್‌ವೇರ್ ಇದ್ದರೆ ಲೇಡಿಬಗ್, ಹನಿಬೀ ಅನ್ನುವ ಉಚಿತ ಪ್ಲಗಿನ್‌ಗಳ ಮೂಲಕ ಬಳಸಬಹುದು. ಇವು ವರ್ಷವಿಡೀ ಗಂಟೆ ಗಂಟೆಯ ಹವಾಮಾನದ ಫೈಲ್ ಕೇಳುತ್ತವೆ. ದಾವಣಗೆರೆಗೆ ಹುಡುಕುತ್ತಾ ಕೂರಬೇಡಿ. ಏಸಿ ಎಂಜಿನಿಯರುಗಳ ಇಶ್ರೇ ಸಂಸ್ಥೆಯ ಹವಾಮಾನ ಫೈಲುಗಳ ಪಟ್ಟಿಯಲ್ಲಿ ಚಿತ್ರದುರ್ಗ ಇದೆ. ಅರವತ್ತು ಕಿಲೋಮೀಟರ್ ದೂರದ ಊರು, ಅದೇ ಬಯಲುಸೀಮೆಯ ಆಕಾಶ, ಧಾರಾಳವಾಗಿ ಬಳಸಿ. ಬೆಂಗಳೂರಿನ ಫೈಲ್ ಹಾಕುವುದಕ್ಕಿಂತ ಎಷ್ಟೋ ವಾಸಿ.

ಯಾವ ಸಾಫ್ಟ್‌ವೇರ್ ಆದರೂ ಒಮ್ಮೆ ನಿಜದ ಜೊತೆ ಹೋಲಿಸಿ ನೋಡದೆ ನಂಬಬೇಡಿ. ನಿಮ್ಮ ಆಫೀಸಿನ ಕೋಣೆಯನ್ನೇ ಮಾಡೆಲ್ ಮಾಡಿ, ಜಾಲರಿ, ಬೀರು, ಎದುರಿನ ಕಟ್ಟಡ ಎಲ್ಲ ಸೇರಿಸಿ. ಒಂದು ಸಾದಾ ಲಕ್ಸ್ ಮೀಟರ್ ತಗೊಳ್ಳಿ. ಫೋನಿನ ಆ್ಯಪ್ ಈ ಕೆಲಸಕ್ಕೆ ಸಾಲದು. ಜುಲೈನಲ್ಲಿ ಆಕಾಶ ಪೂರ್ತಿ ಮೋಡ ಮುಚ್ಚಿದ ದಿನ ಟೆರೇಸಿನ ಮೇಲೊಂದು, ಕೋಣೆಯಲ್ಲಿ ನಾಲ್ಕಾರು ಕಡೆ ಅಳತೆ ತೆಗೆಯಿರಿ. ಒಳಗಿನದನ್ನು ಹೊರಗಿನದರಿಂದ ಭಾಗಿಸಿದರೆ ಡೇಲೈಟ್ ಫ್ಯಾಕ್ಟರ್ ಬಂತು. ಮೋಡದ ದಿನವೇ ಯಾಕೆ ಅಂದರೆ ಈ ಲೆಕ್ಕದಲ್ಲಿ ನೇರ ಬಿಸಿಲು ಸೇರಬಾರದು. ಸಾಫ್ಟ್‌ವೇರಿನ ಉತ್ತರ ಅದರ ಹತ್ತಿರ ಬರುವವರೆಗೆ ಗೋಡೆಯ ಅಂಕಿ, ಗಾಜಿನ ಅಂಕಿ ತಿದ್ದುತ್ತಾ ಹೋಗಿ. ಆ ಅಂಕಿಗಳನ್ನೇ ಮುಂದಿನ ಎಲ್ಲ ಮನೆಗಳಿಗೂ ಬಳಸಿ.

ಕೊನೆಗೆ ಸೀರೆ ಅಂಗಡಿ. ಇಲ್ಲಿ ಹಗಲು ಬೆಳಕಿನ ಪಾತ್ರ ಕಡಿಮೆ, ದೀಪಗಳದೇ ಆಟ. ಮೊದಲು ಕೈಲೆಕ್ಕ ಹಾಕಿ. ಅಂಗಡಿ 20×60 ಅಡಿ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 111 ಚದರ ಮೀಟರ್. 500 ಲಕ್ಸ್ ಬೇಕು ಅಂದರೆ ಗುಣಿಸಿದಾಗ 55,500 ಲುಮೆನ್ (ದೀಪ ಹೊರಬಿಡುವ ಒಟ್ಟು ಬೆಳಕಿನ ಅಳತೆ). ದೀಪದಿಂದ ಹೊರಟ ಬೆಳಕೆಲ್ಲ ಕೌಂಟರ್ ಮೇಲೆ ಬೀಳುವುದಿಲ್ಲ, ಅದಕ್ಕೆ 0.6. ಧೂಳು, ಹಳೆಯದಾಗುವುದು ಇದಕ್ಕೆ 0.8. ಎರಡರಿಂದಲೂ ಭಾಗಿಸಿದರೆ 1,16,000 ಲುಮೆನ್ ಆಗುತ್ತದೆ. 15 ವ್ಯಾಟಿನ ಡೌನ್‌ಲೈಟ್ 1,500 ಲುಮೆನ್ ಕೊಟ್ಟರೆ ಎಂಬತ್ತರ ಹತ್ತಿರ ಬೇಕು. ರೆಂಡರ್‌ನಲ್ಲಿ ನಲವತ್ತು ಲೈಟ್ ಇಟ್ಟು ಚೆನ್ನಾಗಿ ಕಾಣುತ್ತಿದೆ ಅಂದರೆ ಎಲ್ಲೋ ಇಂಟೆನ್ಸಿಟಿ ಜಾಸ್ತಿ ಕೊಟ್ಟಿದ್ದೀರಿ ಅಂತಲೇ ಅರ್ಥ. ಲೈಟಿಗೆ ಮನಸ್ಸಿಗೆ ಬಂದ ಅಂಕಿ ಹಾಕುವ ಬದಲು ಲುಮೆನ್‌ನಲ್ಲೇ ಹಾಕಿ, ಇಲ್ಲವೇ ಕಂಪನಿಯ ಐಇಎಸ್ ಫೈಲ್ ಹಾಕಿ. ಅದು ಯಾವ ಕೋನಕ್ಕೆ ಎಷ್ಟು ಬೆಳಕು ಹೋಗುತ್ತದೆ ಅಂತ ಬರೆದ ಸಾದಾ ಟೆಕ್ಸ್ಟ್ ಫೈಲ್. ಫಿಲಿಪ್ಸ್, ವಿಪ್ರೊದಂಥ ಕಂಪನಿಗಳು ಕೊಡುತ್ತವೆ. ಫೈಲ್ ಕೊಡದ ಬ್ರ್ಯಾಂಡಿನ ಲೈಟನ್ನು ಶೋರೂಮಿಗೆ ಆರಿಸದಿರುವುದೇ ಒಳ್ಳೆಯದು.

ಸೀರೆಯ ಬಣ್ಣದ ವಿಷಯದಲ್ಲಿ ಮಾತ್ರ ಯಾವ ರೆಂಡರರನ್ನೂ ನಂಬಬೇಡಿ. ಇವೆಲ್ಲ ಬೆಳಕನ್ನು ಕೆಂಪು, ಹಸಿರು, ನೀಲಿ ಮೂರೇ ಅಂಕಿಗಳಲ್ಲಿ ಹಿಡಿದಿಡುತ್ತವೆ. ಒಂದು ಎಲ್‌ಇಡಿಯಲ್ಲಿ ಕಡುಗೆಂಪು ಬೆಳಕೇ ಕಡಿಮೆ ಇದ್ದರೆ ಅದು ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ) ಕೂಡ ಎಂಟು ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಅಂಕಿ ಇದೆ, ಆರ್9. ಸಿಆರ್‌ಐ 90ಕ್ಕೆ ಮೇಲೆ, ಆರ್9 50ಕ್ಕೆ ಮೇಲೆ ಅಂತ ಕೇಳಿ ತರಿಸಿ. ಮಾದರಿಗೆ ಎರಡು ಮೂರು ಬಗೆಯ ಲೈಟ್ ತರಿಸಿಕೊಂಡು, ಅಂಗಡಿಯವರ ಕೈಲೇ ಒಂದು ಕಡುಗೆಂಪು ರೇಷ್ಮೆ ಸೀರೆ, ಒಂದು ನೇರಳೆ ಸೀರೆ ಹಿಡಿಸಿ, ಮೊದಲು ಬಾಗಿಲ ಬಿಸಿಲಲ್ಲಿ, ಆಮೇಲೆ ಒಂದೊಂದು ಲೈಟಿನ ಕೆಳಗೆ ನೋಡಲು ಹೇಳಿ. 3000 ಕೆಲ್ವಿನ್ ಬೇಕಾ, 4000 ಬೇಕಾ ಅಂತ ಅವರೇ ಹೇಳುತ್ತಾರೆ. ಕೆಲ್ವಿನ್ ಅಂಕಿ ಕಡಿಮೆ ಇದ್ದರೆ ಬೆಳಕು ಹಳದಿ ಕಡೆಗೆ, ಹೆಚ್ಚಾದಷ್ಟೂ ನೀಲಿ ಬಿಳುಪಿನ ಕಡೆಗೆ. ಜರಿಗೆ 3000 ಹೊಂದುತ್ತದೆ, ನೀಲಿ ಹಸಿರಿಗೆ 4000. ಬಹಳ ಅಂಗಡಿಗಳು ಗೋಡೆ ಕಪಾಟಿಗೆ ಒಂದು, ಕೌಂಟರಿಗೆ ಇನ್ನೊಂದು ಇಟ್ಟುಕೊಳ್ಳುತ್ತವೆ.

ತೀರ್ಮಾನ ಆದ ಮೇಲೆ ಲೈಟಿನ ಮಾಡೆಲ್ ನಂಬರ್, ಲುಮೆನ್, ಕೆಲ್ವಿನ್, ಸಿಆರ್‌ಐ, ಆರ್9, ಬೀಮ್ ಆ್ಯಂಗಲ್ (ಬೆಳಕು ಹರಡುವ ಕೋನ) ಎಲ್ಲವನ್ನೂ ಎಸ್ಟಿಮೇಟ್ ಹಾಳೆಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ. ಬರೀ "15 ವ್ಯಾಟ್ ಎಲ್‌ಇಡಿ" ಅಂತ ಬರೆದರೆ ಗುತ್ತಿಗೆದಾರರು ಕಡಿಮೆ ಬೆಲೆಯ 6500 ಕೆಲ್ವಿನ್ ಪ್ಯಾನಲ್ ತಂದು ಕೂರಿಸುತ್ತಾರೆ, ವ್ಯಾಟ್ ಸರಿಯಾಗೇ ಇರುತ್ತದೆ, ನೀವು ಏನೂ ಕೇಳುವ ಹಾಗಿರುವುದಿಲ್ಲ.